ಬ್ರೇಕ್ ಲೈಟ್ ಹತ್ತಿದಾಗೆಲ್ಲ ದುಡ್ಡು ಸುಡುತ್ತೆ

ನಮಸ್ಕಾರ. ನಮ್ಮ ದಾವಣಗೆರೆಯಲ್ಲಿ ಯಾರಾದರೂ ಹೊಸ ಕಾರು ತಂದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸೋದರೊಳಗೆ ಅಕ್ಕಪಕ್ಕದವರು ಕೇಳೋ ಮೊದಲ ಪ್ರಶ್ನೆ ಯಾವುದು ಹೇಳ್ರಿ? "ಎಷ್ಟು ಕೊಡ್ತತಿ?" ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. ಏರ್‌ಬ್ಯಾಗ್ ಎಷ್ಟಿದೆ ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ. "ಇಪ್ಪತ್ತು ಕೊಡ್ತತಿ ಅಂದಾರೆ" ಅಂತ ಯಜಮಾನರು ಹೆಮ್ಮೆಯಿಂದ ಹೇಳ್ತಾರೆ. ನಾಲ್ಕು ತಿಂಗಳು ಬಿಟ್ಟು ಮದುವೆ ಮನೆಯಲ್ಲಿ ಸಿಕ್ಕಾಗ ಅದೇ ಯಜಮಾನರು, "ಎಲ್ಲಿದು ಇಪ್ಪತ್ತು, ಹದಿನಾಲ್ಕೂ ಬರ್ತಿಲ್ಲ, ಮೋಸ ಮಾಡಿದ್ರು" ಅಂತಾರೆ.

ಮೋಸ ಯಾರೂ ಮಾಡಿಲ್ಲ. ಕಾರಿನ ಜಾಹೀರಾತಲ್ಲಿ ಬರೋ ಆ ಮೈಲೇಜ್ ಅಂಕಿ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಯಿಂದ ಬರುತ್ತೆ. ಅದಿರೋದು ಪುಣೆಯಲ್ಲಿ. ಪುಣೆ-ಬೆಂಗಳೂರು ರಸ್ತೆಯನ್ನ ಪಿ.ಬಿ. ರೋಡ್ ಅಂತ ನಾವು ಕರೀತೀವಲ್ಲ, ಆ 'ಪಿ' ಅಂದರೆ ಇದೇ ಪುಣೆ. ಅಲ್ಲಿ ಕಾರನ್ನ ರೋಲರ್ ಮೇಲೆ ನಿಲ್ಲಿಸಿ, ಒಂದು ಗೊತ್ತಾದ ಕ್ರಮದಲ್ಲಿ ಓಡಿಸಿ ಅಳೀತಾರೆ. ಆ ಪರೀಕ್ಷೆಯಲ್ಲಿ ಕಾರು ಮುಟ್ಟೋ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ನಮ್ಮ ಯಜಮಾನರು ಹೆಬ್ಬಾಳು ಟೋಲ್ ದಾಟಿದ ಕೂಡಲೇ 120ಕ್ಕೆ ಮುಟ್ಟಿಸ್ತಾರೆ. ಅದರ ಮೇಲೆ ಮೈಲೇಜ್ ಬರ್ತಿಲ್ಲ ಅಂತ ಮೆಕ್ಯಾನಿಕ್ ಹತ್ತಿರ ಹೋಗಿ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಕ್ಲೀನ್ ಮಾಡಿಸ್ತಾರೆ.

ಇವತ್ತು ನಾನು ಹೇಳೋಕೆ ಬಂದಿದ್ದು ಇಷ್ಟೇ. ಪೆಟ್ರೋಲ್ ಉಳಿಸೋ ಓಡಿಸುವಿಕೆ ಬೇರೆ, ಜೀವ ಉಳಿಸೋ ಓಡಿಸುವಿಕೆ ಬೇರೆ ಅಂತ ನಾವು ಅಂದ್ಕೊಂಡಿದ್ದೀವಿ. ಒಂದಕ್ಕೆ ಮೆಕ್ಯಾನಿಕ್ ಗುರು, ಇನ್ನೊಂದಕ್ಕೆ ಪೊಲೀಸರು. ಹಾಗಲ್ಲ. ಎರಡರ ಲೆಕ್ಕವೂ ಒಂದೇ, ಅಂಕಿ ಸಮೇತ ಒಂದೇ.

ಹೇಗೆ ಅಂತ ತೋರಿಸ್ತೀನಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. 80ರಲ್ಲಿ ಹೋದರೆ 45 ನಿಮಿಷ. 120ರಲ್ಲಿ ಹೋದರೆ 30 ನಿಮಿಷ. ಉಳಿದಿದ್ದು ಕಾಲು ಗಂಟೆ. ಅದೂ ರಸ್ತೆ ಪೂರ್ತಿ ಖಾಲಿ ಇದ್ದು, ಮಧ್ಯೆ ಎಲ್ಲೂ ಲಾರಿ ಅಡ್ಡ ಬರದೆ ಇದ್ದರೆ. ಈಗ ಈ ಕಾಲು ಗಂಟೆಗೆ ಏನು ಕೊಟ್ಟಿರಿ ನೋಡಿ. ಗಾಳಿ ಕಾರನ್ನ ಹಿಂದಕ್ಕೆ ತಳ್ಳುತ್ತಲ್ಲ, ಆ ಒತ್ತಡ ವೇಗದ ವರ್ಗದ, ಅಂದರೆ ವೇಗವನ್ನ ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತೆ. ವೇಗ ಒಂದೂವರೆ ಪಟ್ಟು ಆದರೆ ಗಾಳಿಯ ತಡೆ ಎರಡೂಕಾಲು ಪಟ್ಟು. ಹೆದ್ದಾರಿ ವೇಗದಲ್ಲಿ ನಿಮ್ಮ ಪೆಟ್ರೋಲಿನ ದೊಡ್ಡ ಪಾಲು ಹೋಗೋದೇ ಈ ಗಾಳಿಯನ್ನ ಸೀಳೋಕೆ. 80ರಲ್ಲಿ ಇಪ್ಪತ್ತು ಕೊಡೋ ಗಾಡಿ 120ರಲ್ಲಿ ಹದಿನಾಲ್ಕು ಕೊಟ್ಟರೆ ಅದು ಗಾಡಿಯ ತಪ್ಪಲ್ಲ. 3 ಲೀಟರಲ್ಲಿ ಮುಗಿಯೋ ದಾರಿಗೆ 4.3 ಲೀಟರ್ ಬೇಕು. ಪೆಟ್ರೋಲ್ ನೂರು ರೂಪಾಯಿ ದಾಟಿದೆ; ಕಾಲು ಗಂಟೆಗೆ 130 ರೂಪಾಯಿ ಚಿಲ್ಲರೆ.

ಇನ್ನು ಬ್ರೇಕಿನ ಕಡೆ ಬನ್ನಿ. ಓಡೋ ಕಾರಿನೊಳಗಿನ ಶಕ್ತಿಯೂ ವೇಗದ ವರ್ಗದಲ್ಲೇ ಏರೋದು. ಅಂದರೆ 80ರಲ್ಲಿದ್ದ ಕಾರಿಗಿಂತ 120ರಲ್ಲಿದ್ದ ಕಾರನ್ನ ನಿಲ್ಲಿಸೋಕೆ ಬ್ರೇಕ್ ಎರಡೂಕಾಲು ಪಟ್ಟು ಕೆಲಸ ಮಾಡಬೇಕು. ಅದೇ ಎರಡೂಕಾಲು! ಒಣ ರಸ್ತೆ, ಒಳ್ಳೆ ಟೈರ್, ಎಚ್ಚರವಾಗಿರೋ ಡ್ರೈವರ್ ಅಂತಲೇ ಇಟ್ಟುಕೊಳ್ಳೋಣ. ಎದುರಿಗೆ ಏನೋ ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ಪೂರ್ತಿ ನಿಲ್ಲೋಕೆ 80ರಲ್ಲಿ ಹತ್ತಿರ ಹತ್ತಿರ 60 ಮೀಟರ್ ಬೇಕು. 120ರಲ್ಲಿ ಸುಮಾರು 115. ಡಿಪ್ ಲೈಟಿನ ಬೆಳಕು ಚೆನ್ನಾಗಿ ಬೀಳೋದು 50 ಮೀಟರ್ ಆಸುಪಾಸು ಅಷ್ಟೇ. ರಾತ್ರಿ ಆನಗೋಡಿನ ಹತ್ತಿರ ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಅದು ಕಣ್ಣಿಗೆ ಬೀಳೋ ಹೊತ್ತಿಗೆ 80ರಲ್ಲಿ ಇರೋನಿಗೇ ಕಷ್ಟ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವಿಗೆ ಅತಿವೇಗವೇ ಕಾರಣ ಅಂತ ಬರೆದಿದ್ದಾರೆ.

"ಕಾನೂನಲ್ಲೇ 100 ಬಿಟ್ಟಿದ್ದಾರಲ್ಲ" ಅಂತ ಕೆಲವರು ವಾದಕ್ಕೆ ಬರ್ತಾರೆ. ಹೌದು, ನಡುವೆ ಡಿವೈಡರ್ ಇರೋ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100 ಅಂತ 2018ರ ಅಧಿಸೂಚನೆ ಇದೆ. ಅದು ಮಿತಿ, ಗುರಿ ಅಲ್ಲ. ಬೋರ್ಡ್ ಅದಕ್ಕಿಂತ ಕಮ್ಮಿ ತೋರಿಸಿದ ಕಡೆ ಬೋರ್ಡೇ ಕಾನೂನು.

ಈಗ ಬ್ರೇಕ್ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದರೆ ಇದನ್ನ ಯಾರೂ ದುಡ್ಡಿನ ಕಣ್ಣಲ್ಲಿ ನೋಡಲ್ಲ. ಬ್ರೇಕ್ ಒತ್ತಿದಾಗ ಏನಾಗುತ್ತೆ? ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನೆಲ್ಲ ಡಿಸ್ಕಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಡ್ತೀರಿ. ಜಯದೇವ ಸರ್ಕಲ್ಲಿನಲ್ಲಿ ಕೆಂಪು ದೀಪ ದೂರದಿಂದಲೇ ಕಾಣ್ತಿರುತ್ತೆ. ಆದರೂ ನಮ್ಮವರು ಅಲ್ಲಿ ತನಕ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗಿ, ಮುಂದಿನ ಆಟೋಗೆ ಮುತ್ತಿಡೋ ಹಾಗೆ ನಿಲ್ಲಿಸ್ತಾರೆ. ಕೆಂಪು ಕಂಡ ಕೂಡಲೇ ಕಾಲು ತೆಗೆದವನೂ ಅದೇ ಸಿಗ್ನಲ್ಲಿಗೆ, ಒಂದೆರಡು ಕ್ಷಣ ತಡವಾಗಿ ಬರ್ತಾನೆ ಅಷ್ಟೇ. ಎಷ್ಟೋ ಸಲ ಅವನು ಬರೋ ಹೊತ್ತಿಗೆ ಹಸಿರು ಆಗಿರುತ್ತೆ, ಎರಡನೇ ಗೇರಲ್ಲೇ ದಾಟಿಬಿಡ್ತಾನೆ.

ಅದಕ್ಕೇ ನಾನು ಒಬ್ಬ ಡ್ರೈವರ್ ಹೇಗೆ ಅಂತ ತಿಳಿಯೋಕೆ ಅವನ ಹಿಂದೆ ಹೋಗಿ ಬ್ರೇಕ್ ಲೈಟ್ ನೋಡ್ತೀನಿ. ಸುಮ್ಮಸುಮ್ಮನೆ ಮಿಣಮಿಣ ಅಂತಿದ್ದರೆ ಅವನು ಮುಂದಿನ ಗಾಡಿಗೆ ಅಂಟಿಕೊಂಡಿದ್ದಾನೆ ಅಂತರ್ಥ. ಮುಂದಿನವನು ದಾಟಿದ ಮೈಲಿಗಲ್ಲನ್ನ ನೀವು ದಾಟೋಕೆ ಮೂರು ಸೆಕೆಂಡ್ ಹಿಡೀಬೇಕು. 100ರಲ್ಲಿ ಅದು 80 ಮೀಟರ್‌ಗಿಂತ ಹೆಚ್ಚಿನ ಅಂತರ. ಅಷ್ಟು ಜಾಗ ಬಿಟ್ಟರೆ ಯಾವನಾದರೂ ನುಗ್ತಾನೆ ಅಂತೀರಿ. ನುಗ್ತಾನೆ, ಬಿಡ್ರಿ. ಮತ್ತೆ ಕಾಲು ತೆಗೆದು ಅಂತರ ಮಾಡಿಕೊಳ್ಳಿ. ಅವನು ನುಗ್ಗಿದ್ದಕ್ಕೆ ನೀವು ಚಿತ್ರದುರ್ಗ ತಲುಪೋದು ಅರ್ಧ ನಿಮಿಷವೂ ತಡ ಆಗಲ್ಲ. ಅಹಂಕಾರಕ್ಕೆ ಪೆಟ್ಟಾಗಬಹುದು, ಅದು ಬೇರೆ ವಿಷಯ.

ಕೆಎಸ್‌ಆರ್‌ಟಿಸಿ ಡಿಪೋಗಳಲ್ಲಿ ಕೆಎಂಪಿಎಲ್ ಅಂತ ಒಂದು ಮಾತು ಓಡಾಡುತ್ತೆ. ಒಂದು ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ಅಂತ. ಯಾವ ಡ್ರೈವರ್ ಎಷ್ಟು ತೆಗೆದ ಅಂತ ಅಲ್ಲಿ ಲೆಕ್ಕ ಇಡ್ತಾರೆ. ಅದೇ ನಿಗಮ ವರ್ಷಗಟ್ಟಲೆ ಅಪಘಾತ ಮಾಡದೆ ಓಡಿಸಿದವರಿಗೆ ಪದಕವನ್ನೂ ಕೊಡುತ್ತೆ. ಅಂಥ ಹಳೇ ಕೈಯ ಡ್ರೈವರ್ ಹಿಂದಿನ ಸೀಟಲ್ಲಿ ಒಮ್ಮೆ ಕೂತು ಅವರ ಕಾಲು ನೋಡಿ. ಹಂಪ್ ಬರೋಕೆ ಎಷ್ಟೋ ಮುಂಚೆ ಆಕ್ಸಿಲರೇಟರ್ ಬಿಟ್ಟಿರ್ತಾರೆ. ಗೇರ್ ಇಳಿಸ್ತಾರೆ. ಬ್ರೇಕಿಗೆ ಕಾಲು ಹೋಗೋದು ಕೊನೇಲಿ, ಮೆಲ್ಲಗೆ. ನಿಂತವರು ಕಂಬಿ ಹಿಡಿಯೋ ಪ್ರಸಂಗವೇ ಬರಲ್ಲ.

ಆದರೆ ಉಳಿತಾಯದ ಹೆಸರಲ್ಲಿ ಮಾಡೋ ಹುಚ್ಚಾಟಗಳೂ ಇವೆ. ಅವನ್ನ ಹೇಳದಿದ್ದರೆ ಈ ಮಾತು ಅರ್ಧ ಆಗುತ್ತೆ.

ಇಳಿಜಾರಲ್ಲಿ ನ್ಯೂಟ್ರಲ್ ಮಾಡೋದು ಮೊದಲನೇದು. ಜೋಗಿಮಟ್ಟಿಯಿಂದ ಇಳಿಯುವಾಗ, ಹಿರಿಯೂರು ಕಡೆಯಿಂದ ಬರುವಾಗ ಸಿಗೋ ಇಳಿತಗಳಲ್ಲಿ, ಗೇರ್ ತೆಗೆದು "ಪುಗಸಟ್ಟೆ ಹೋಗ್ತತಿ" ಅಂತ ಖುಷಿ ಪಡೋರು ತುಂಬ ಜನ. ಇದು ಕಾರ್ಬೊರೇಟರ್ ಕಾಲದ ಬುದ್ಧಿ. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನ ಪೂರ್ತಿ ನಿಲ್ಲಿಸಿಬಿಡುತ್ತೆ, ಚಕ್ರಗಳೇ ಎಂಜಿನ್ ತಿರುಗಿಸ್ತಿರ್ತವೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದೆ ಇರೋಕೆ ಮತ್ತೆ ಪೆಟ್ರೋಲ್ ಹನಿಸಲೇಬೇಕು. ಅಂದರೆ ಪುಗಸಟ್ಟೆ ಇದ್ದಿದ್ದನ್ನ ದುಡ್ಡು ಕೊಟ್ಟು ತಗೊಂಡ ಹಾಗಾಯ್ತು. ಜೊತೆಗೆ ಎಂಜಿನ್ ಬ್ರೇಕಿಂಗ್, ಅಂದರೆ ಎಂಜಿನ್ನೇ ಗಾಡಿಯನ್ನ ತಡೆಯೋದು, ಹೋಯ್ತು, ಎಲ್ಲ ಭಾರ ಬ್ರೇಕಿನ ಮೇಲೆ. ಇನ್ನು ಕೆಲವು ಮಹಾನುಭಾವರು ಎಂಜಿನ್ನೇ ಆಫ್ ಮಾಡ್ತಾರೆ. ಎರಡು ಮೂರು ಸಲ ಒತ್ತೋದರೊಳಗೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ, ಪವರ್ ಸ್ಟೀರಿಂಗ್ ಇರಲ್ಲ, ಕೀ ಪೂರ್ತಿ ತಿರುಗಿಸಿ ತೆಗೆದರೆ ಸ್ಟೀರಿಂಗೇ ಲಾಕ್. ಇದಕ್ಕೆ ನನ್ನ ಹತ್ತಿರ ಒಳ್ಳೆ ಮಾತಿಲ್ಲ.

ಇನ್ನೊಂದು, ಲಾರಿ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಗಲಲ್ಲ, ಮೈಲೇಜ್ ಬರುತ್ತೆ ಅನ್ನೋದು. ಬರುತ್ತೆ, ಸುಳ್ಳಲ್ಲ. ಆದರೆ ಲಾರಿಯ ಮುಂದೆ ಏನಿದೆ ಅಂತ ನಿಮಗೆ ಕಾಣಲ್ಲ. ಅದು ದಿಢೀರ್ ಅಂತ ಪಕ್ಕಕ್ಕೆ ಸರಿದರೆ ಎದುರಿಗೆ ಕೆಟ್ಟು ನಿಂತ ಇನ್ನೊಂದು ಲಾರಿ ಇರಬಹುದು. ಚಿತ್ರದುರ್ಗದ ಹತ್ತಿರ ಗಾಳಿಯ ಆಟ ಬೇರೆ ಇದೆ. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ ಅಲ್ವಾ? ಆಷಾಢದಲ್ಲಿ ಉದ್ದದ ಲಾರಿಯ ಮರೆಯಲ್ಲಿ ಓವರ್‌ಟೇಕ್ ಮಾಡಿ ಅದರ ಮೂತಿ ದಾಟ್ತಿದ್ದ ಹಾಗೆ ಅಡ್ಡಗಾಳಿ ಕಾರಿನ ಪಕ್ಕೆಗೆ ಗುದ್ದುತ್ತೆ, ಸ್ಟೀರಿಂಗ್ ಕೈಯಲ್ಲಿ ಒಂದು ಕ್ಷಣ ಜಗ್ಗುತ್ತೆ. ಎತ್ತರದ ಗಾಡಿಗಳಿಗೆ ಇನ್ನೂ ಜಾಸ್ತಿ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ಮೊಬೈಲ್ ಮೇಲೆ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ.

ಟೈರ್ ಗಾಳಿ. ಬಂಕಿನಲ್ಲಿ ಹುಡುಗ "ಎಷ್ಟು ಹಾಕ್ಲಿ ಸಾರ್?" ಅಂದರೆ ನಾವು ಬಾಯಿಗೆ ಬಂದ ನಂಬರ್ ಹೇಳ್ತೀವಿ. ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಕಂಬದ ಮೇಲೆ ಸ್ಟಿಕರ್ ಅಂಟಿಸಿರ್ತಾರೆ, ಮುಂದೆ ಎಷ್ಟು, ಹಿಂದೆ ಎಷ್ಟು, ತುಂಬ ಜನ ಕೂತರೆ ಎಷ್ಟು ಅಂತ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಅದರ ಪ್ರಕಾರ ಹಾಕಿಸಿ. ಗಾಳಿ ಕಮ್ಮಿ ಇದ್ದರೆ ಟೈರ್ ಉರುಳೋಕೇ ಒದ್ದಾಡುತ್ತೆ, ಪೆಟ್ರೋಲ್ ಕುಡಿಯುತ್ತೆ. ಪಕ್ಕೆ ಮಡಿಸಿ ಮಡಿಸಿ ಕಾಯುತ್ತೆ, ಏಪ್ರಿಲ್ ಬಿಸಿಲಲ್ಲಿ ಫುಲ್ ಲೋಡ್ ಹಾಕಿಕೊಂಡು ಹೆದ್ದಾರಿಗೆ ಹೋದರೆ ಸಿಡಿಯೋದು ಇಂಥ ಟೈರೇ. ದೂರ ಓಡಿ ಬಂದು ಬಿಸಿ ಇದ್ದಾಗ ಜಾಸ್ತಿ ತೋರಿಸ್ತು ಅಂತ ಗಾಳಿ ಇಳಿಸಬೇಡಿ. ನೈಟ್ರೋಜನ್ ಹಾಕಿಸಲೇಬೇಕಾ ಅಂತ ಕೇಳ್ತಾರೆ. ನಾವು ಉಸಿರಾಡೋ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ತಿಂಗಳಿಗೆ ಎರಡು ಸಲ ನೋಡಿಸಿದರೆ ಸಾಕು.

ಎಸಿ ವಿಷಯ ಚಿಕ್ಕದು. ಊರೊಳಗೆ ಮೆಲ್ಲಗೆ ಹೋಗುವಾಗ ಕಿಟಕಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ. ರೈಲ್ವೆ ಗೇಟ್ ಹಾಕಿದ್ದರೆ ಎಂಜಿನ್ ಆಫ್.

ಹಿಂದಿನ ಸೀಟಿನ ಬೆಲ್ಟಿಗೂ ಮೈಲೇಜಿಗೂ ಸಂಬಂಧ ಇಲ್ಲ, ಆದರೂ ಹೇಳ್ತೀನಿ. 2022ರ ಸೆಪ್ಟೆಂಬರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಕೂತಿದ್ದು ಹಿಂದಿನ ಸೀಟಲ್ಲಿ, ಬೆಲ್ಟ್ ಹಾಕಿರಲಿಲ್ಲ. ಕಾರು ಸಾಧಾರಣದ್ದೇನಲ್ಲ, ಮರ್ಸಿಡಿಸ್. ನಮ್ಮಲ್ಲಿ ಹಿಂದಿನ ಬೆಲ್ಟ್ ಸೀಟ್ ಕವರಿನ ಅಡಿ ಹೂತುಹೋಗಿರುತ್ತೆ. ಅದನ್ನ ಅಗೆದು ತೆಗೀರಿ ಮೊದಲು.

ಕೊನೇದಾಗಿ ನಮ್ಮ ಜಿಲ್ಲೆಗಳದ್ದೇ ಒಂದು ವಿಶೇಷ. ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಅರ್ಧ ಭಾಗ ಮೆಕ್ಕೆಜೋಳಕ್ಕೆ ಸೇರಿರುತ್ತೆ. ತೇವ ಆರದಿದ್ದರೆ ರೇಟ್ ಸಿಗಲ್ಲ, ಎಲ್ಲರ ಹತ್ತಿರ ಕಣ ಇಲ್ಲ, ರೈತ ರಸ್ತೆಗೇ ಹಾಕ್ತಾನೆ. ಸರಿಯೋ ತಪ್ಪೋ, ಅದರ ಚರ್ಚೆ ಬೇರೆ. ಕಾರು ಓಡಿಸೋರಿಗೆ ಸಮಸ್ಯೆ ಜೋಳ ಅಲ್ಲ, ಅದರ ಅಂಚಿಗೆ ಇಟ್ಟ ಕಲ್ಲುಗಳು. ಜೋಳ ತುಂಬಿಕೊಂಡು ಹೋದಮೇಲೂ ಕಲ್ಲು ಅಲ್ಲೇ ಉಳಿದಿರುತ್ತೆ, ಕತ್ತಲಲ್ಲಿ ಡಾಂಬರಿಗೂ ಕಲ್ಲಿಗೂ ವ್ಯತ್ಯಾಸ ಕಾಣಲ್ಲ. ಹುರುಳಿ ಒಕ್ಕಣೆ ಇನ್ನೂ ಅಪಾಯ. ಒಣಗಿದ ಬಳ್ಳಿ ಕಾರಿನ ಅಡಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತೆ. ದಪ್ಪಗೆ ಹರಡಿದ್ದರೆ ಅದರ ಮೇಲೆ ಗಾಡಿ ಹತ್ತಿಸಲೇಬೇಡಿ, ಇಳಿದು ಹೇಳಿ, ಪಕ್ಕಕ್ಕೆ ಎಳೆದು ದಾರಿ ಕೊಡ್ತಾರೆ. ಆಮೇಲೂ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ ಬಗ್ಗಿ ನೋಡಿ.

ಅಂದಹಾಗೆ ಅದೇ ಮೆಕ್ಕೆಜೋಳದಿಂದಲೂ ಎಥನಾಲ್ ತೆಗೀತಾರೆ, ಅದು ನಿಮ್ಮ ಟ್ಯಾಂಕಿಗೇ ಬರುತ್ತೆ. ಈಗ ಬಂಕಲ್ಲಿ ಸಿಗೋ ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ತನಕ ಎಥನಾಲ್. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯೋದು ಸಹಜ. ಆದರೆ ಇಪ್ಪತ್ತು ಹದಿನಾಲ್ಕಾಗಿದ್ದನ್ನೆಲ್ಲ ಅದರ ತಲೆಗೆ ಕಟ್ಟಬೇಡಿ. ಒಂದು ಸಲ ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ, 80-90ರಲ್ಲಿ ಓಡಿಸಿ, ಮತ್ತೆ ಅದೇ ಬಂಕಲ್ಲಿ ಫುಲ್ ಮಾಡಿಸಿ ಕಿಲೋಮೀಟರನ್ನ ಲೀಟರಿಂದ ಭಾಗಿಸಿ. ಮುಂದಿನ ಟ್ಯಾಂಕ್ ನಿಮ್ಮ ಮಾಮೂಲಿ ಸ್ಪೀಡಲ್ಲಿ ಓಡಿಸಿ ಅದನ್ನೂ ಬರೆದಿಡಿ. ಇಂಜೆಕ್ಟರ್ ಕ್ಲೀನ್ ಮಾಡಿಸಬೇಕೋ ಬೇಡವೋ ಅನ್ನೋದನ್ನ ಆಮೇಲೆ ನೋಡೋಣ.