ಪೈಪೋಟಿಯಲ್ಲಿ ಬೆಳೆದ ಚಿತ್ರಕಲೆ: ಮಾತೀಸ್ ಮತ್ತು ಪಿಕಾಸೊ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕತ್ತೆತ್ತಿ ನೋಡುವ ಬಹಳ ಮಂದಿ ಅವರ ಪಾದಪೀಠದ ಬರಹಗಳನ್ನು ಗಮನಿಸುವುದಿಲ್ಲ. ಬಳ್ಳಿಗಾವೆಯ ದಾಸೋಜನ ಮಗ ಚಾವಣನಿಗೆ ಅಲ್ಲಿರುವ ಬಿರುದು, ಬಿರುದಾಂಕಿತ ರೂವಾರಿಗಳೆಂಬ ಮನ್ಮಥರಿಗೆ ಮಹೇಶ್ವರ ಎಂಬುದು. ಶಿಲ್ಪಿಗಳ ನಡುವಿನ ಇಂಥ ಸ್ಪರ್ಧೆಯನ್ನು ಕಣ್ಣಾರೆ ಕಂಡ ನಾಡಿನವರಾದ ನಮಗೆ, ಇಪ್ಪತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಹೆನ್ರಿ ಮಾತೀಸ್ ಮತ್ತು ಪಾಬ್ಲೊ ಪಿಕಾಸೊ ನಡೆಸಿದ ಪೈಪೋಟಿ ಅಪರಿಚಿತವೆನಿಸಬೇಕಾಗಿಲ್ಲ.

ಮಾತೀಸ್ ಹುಟ್ಟಿದ್ದು 1869ರಲ್ಲಿ, ಪಿಕಾಸೊ 1881ರಲ್ಲಿ. 1905ರ ಪ್ಯಾರಿಸ್ ಪ್ರದರ್ಶನದಲ್ಲಿ ಮಾತೀಸ್ ಮತ್ತು ಗೆಳೆಯರ ಉಗ್ರ ಬಣ್ಣಗಳನ್ನು ಕಂಡ ವಿಮರ್ಶಕನೊಬ್ಬ ಅವರನ್ನು ಕಾಡುಮೃಗಗಳೆಂದು ಕರೆದ. ಮಾತೀಸರ ‘ಬಾಳಿನ ಆನಂದ’ದ ಬಳುಕುವ ಗೆರೆಗಳಿಗೆ ಎದುರು ನಿಲ್ಲುವಂತೆ, 1907ರಲ್ಲಿ ಪಿಕಾಸೊ ಸುಮಾರು ಎಂಟು ಅಡಿ ಎತ್ತರದ ‘ಅವಿನ್ಯೋನಿನ ತರುಣಿಯರು’ ಚಿತ್ರದಲ್ಲಿ ದೇಹಗಳನ್ನು ಚೂಪು ತುಂಡುಗಳಾಗಿ ಒಡೆದರು. ವಸ್ತುವನ್ನು ತುಂಡುಗಳಾಗಿ ಒಡೆದು ಹಲವು ಕಡೆಗಳಿಂದ ಒಮ್ಮೆಗೇ ತೋರಿಸುವ ಘನಾಕೃತಿ ಕಲೆಗೆ, ಅಂದರೆ ಕ್ಯೂಬಿಸಂಗೆ, ದಾರಿ ತೆರೆದದ್ದು ಆ ಒಡೆತವೇ.

ಅದೇ ವರ್ಷ ಇಬ್ಬರೂ ಚಿತ್ರಗಳನ್ನು ವಿನಿಮಯ ಮಾಡಿಕೊಂಡರು. ಪಿಕಾಸೊಗೆ ಸಿಕ್ಕಿದ್ದು ಮಾತೀಸ್ ಬರೆದಿದ್ದ ಮಗಳು ಮಾರ್ಗರೀತಳ ಭಾವಚಿತ್ರ. ಕೊರಳಲ್ಲಿ ಕಪ್ಪು ಪಟ್ಟಿ. ಮುಖ ನಮ್ಮತ್ತ ಇದ್ದರೂ ಮೂಗು ಮಾತ್ರ ಪಕ್ಕಕ್ಕೆ ತಿರುಗಿದೆ. ಮೇಲೆ ಮೂಲೆಯಲ್ಲಿ ಮಕ್ಕಳ ಕೈಬರಹದಂತೆ ಹೆಸರು. ಒಬ್ಬರು ಮತ್ತೊಬ್ಬರ ಅತ್ಯಂತ ದುರ್ಬಲ ಚಿತ್ರವನ್ನೇ ಬೇಕೆಂದು ಆರಿಸಿಕೊಂಡರೆಂಬ ಮಾತು ಹಬ್ಬಿತು. ನಾನು ಅದನ್ನು ಒಪ್ಪಲಾರೆ. ಪಿಕಾಸೊ ಆ ಚಿತ್ರವನ್ನು ಬದುಕಿರುವವರೆಗೂ ತಮ್ಮಲ್ಲೇ ಇಟ್ಟುಕೊಂಡರು. ಎದುರಿನಿಂದಲೂ ಪಕ್ಕದಿಂದಲೂ ಕಾಣುವ ಮುಖ ಮುಂದೆ ಅವರ ಚಿತ್ರಗಳಲ್ಲಿ ಎಷ್ಟು ಬಾರಿ ಬಂದಿತೆಂಬುದನ್ನು ನೋಡಿದರೆ, ಅವರ ಆಯ್ಕೆಯಲ್ಲಿ ತಿರಸ್ಕಾರಕ್ಕಿಂತ ಕಲಿಯುವ ಹಸಿವೇ ಹೆಚ್ಚಾಗಿ ಕಾಣುತ್ತದೆ.

ಸಾಲ ಒಂದೇ ಕಡೆಯದಾಗಿರಲಿಲ್ಲ. ಬಣ್ಣದ ಒಡೆಯರೆನಿಸಿದ್ದ ಮಾತೀಸ್ 1916ರ ‘ಪಿಯಾನೊ ಪಾಠ’ದಲ್ಲಿ ವಿಶಾಲ ಬೂದು ಬಣ್ಣದ ನಡುವೆ ಹಸಿರಿನ ಒಂದು ತ್ರಿಕೋನವನ್ನು ನೆಟ್ಟು, ಹುಡುಗನ ಮುಖವನ್ನು ಅಂಥದೇ ಚೂಪು ಆಕಾರದಿಂದ ಸೀಳಿದ್ದಾರೆ, ಘನಾಕೃತಿಯ ಶಿಸ್ತಿಲ್ಲದೆ ಈ ಚಿತ್ರ ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮಾತೀಸ್ 1954ರ ನವೆಂಬರಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳೇ ಪಿಕಾಸೊ, ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರ ದೆಲಾಕ್ರುವಾ ಅಂತಃಪುರದ ಹೆಂಗಸರನ್ನು ಬರೆದಿದ್ದ ಹಳೆಯ ಕೃತಿಯೊಂದನ್ನು ಎದುರಿಟ್ಟುಕೊಂಡು ‘ಆಲ್ಜಿಯರ್ಸಿನ ಹೆಂಗಸರು’ ಸರಣಿಯನ್ನು ಆರಂಭಿಸಿ, 1955ರ ಫೆಬ್ರವರಿಯೊಳಗೆ 15 ಚಿತ್ರಗಳನ್ನು ಮುಗಿಸಿದರು. ಅಂತಃಪುರದ ಹೆಂಗಸರು ಮಾತೀಸರ ನೆಚ್ಚಿನ ವಸ್ತು. ಅವರನ್ನು ಮಾತೀಸ್ ತಮಗೆ ಆಸ್ತಿಯಾಗಿ ಬಿಟ್ಟುಹೋಗಿದ್ದಾರೆಂದು ಪಿಕಾಸೊ ಹೇಳಿಕೊಂಡರು.