ಅಪ್ಪನ ಎದೆಯ ಕಲೆ, ಅಕ್ಕನ ಕೆನಡಾ

ಇದು ಸೋಮವಾರಪೇಟೆ ಹತ್ರ ನಮ್ಮ ಮನೆ. ಅಪ್ಪ ಬಿಸಿಲಿಗೆ ಎತ್ತಿ ಹಿಡಿದಿರೋದು ಅವರ ಎದೆಯ ಎಕ್ಸ್‌ರೇ ಫಿಲ್ಮು, ತುಂಬಾ ಹಳೇದು. ಅಂಚಿಗೆಲ್ಲ ಬೂಷ್ಟು. ಕೊಡಗಿನ ಮಳೆಗಾಲ ದಾಟಿ ಬೂಷ್ಟು ಹಿಡೀದೆ ಉಳಿದಿರೋ ಕಾಗದ ಯಾವುದಿದೆ ಹೇಳಿ. ಬಲಗಡೆ ಮೇಲೆ, ಕಾಲರ್ ಬೋನ್ ಕೆಳಗೆ ಬೆಳ್ಳಗೆ ಗೀಚಿದ ಹಾಗಿದೆಯಲ್ಲ, ಇವತ್ತಿನ ವ್ಲಾಗ್ ಪೂರ್ತಿ ಅದರದ್ದೇ ಕಥೆ.

ಅಕ್ಕ, ಭಾವ ಕೆನಡಾದ ಆಂಟೇರಿಯೊದಲ್ಲಿದ್ದಾರೆ. ಅಪ್ಪ ಅಮ್ಮನ್ನ ಸೂಪರ್ ವೀಸಾದಲ್ಲಿ ಕರೆಸಿಕೊಳ್ಳಬೇಕು ಅಂತ ಹಟ. ಮಾಮೂಲಿ ವಿಸಿಟರ್ ವೀಸಾದಲ್ಲಿ ಹೋದರೆ ಸಾಧಾರಣವಾಗಿ ಆರು ತಿಂಗಳಿಗೆ ವಾಪಸ್ ಬರಬೇಕು, ಸೂಪರ್ ವೀಸಾದಲ್ಲಿ ಒಂದೇ ಸಲಕ್ಕೆ ಐದು ವರ್ಷದ ತನಕ ಇರಬಹುದು. ಅಷ್ಟು ದಿನ ಇಟ್ಕೊಳ್ಳೋರು ಸುಮ್ನೆ ಇಟ್ಕೊಳ್ತಾರಾ? ಮೆಡಿಕಲ್ ಮಾಡಿಸಲೇಬೇಕು. ಜೊತೆಗೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ.

ಅಮ್ಮಂದೇನೂ ತೊಂದರೆ ಇರಲಿಲ್ಲ. ಅಪ್ಪನಿಗೆ ಹರೆಯದಲ್ಲಿ ಟಿ.ಬಿ. ಆಗಿತ್ತು. 1980ರ ದಶಕದ ಮಾತು. ಈಗಿನ ಹಾಗೆ ಆರು ತಿಂಗಳ ಮಾತ್ರೆಗೆ ಮುಗಿಯೋ ಕಾಲ ಅಲ್ಲ ಅದು, ವರ್ಷದ ಮೇಲೆ ಹಿಡೀತು, ಜೊತೆಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನು. ಆ ಔಷಧಿಗೆ ಕಿವಿ ಮಂದ ಮಾಡೋ ಗುಣ ಇದೆ. ಅಪ್ಪನ ಎಡಗಿವಿ ಸ್ವಲ್ಪ ಮಂದ. ನಮ್ಮನೇಲಿ ಇದನ್ನ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ಅಜ್ಜಿ ಇರೋ ತನಕ ‘ಅವನಿಗೆ ಆಗ ಜ್ವರ ಬಂದಿತ್ತು’ ಅಂತಿದ್ದರು, ಅಷ್ಟೇ. ಹೆಣ್ಣು ಕೊಡೋರು ಹಿಂದೆ ಸರೀತಾರೆ ಅನ್ನೋ ಭಯ.

ಪೇಪರ್ ಕೆಲಸಕ್ಕೆ ಅಂತ ಒಬ್ಬ ಏಜೆಂಟ್ ಹತ್ರ ಹೋದ್ವಿ. ಹೆಸರು ಬೇಡ. ಆತ ಅಂದಿದ್ದು, ‘ಸಾರ್, ಟಿ.ಬಿ. ಅಂತ ಎಲ್ಲೂ ಬರಿಬೇಡಿ, ಸುಮ್ನೆ ರಿಸ್ಕು.’ ಅಪ್ಪನಿಗೂ ಅದೇ ಬೇಕಿತ್ತು. ಅಮ್ಮ ನನ್ನ ಮುಖ ನೋಡಿದ್ರು. ನಾನು ರಾತ್ರಿನೇ ಅಕ್ಕನಿಗೆ ಫೋನ್ ಮಾಡಿದೆ. ಫೋನಲ್ಲೇ ಬೈದಳು.

ಬೈದಿದ್ದರಲ್ಲಿ ನ್ಯಾಯ ಇದೆ. ಕೆನಡಾ ಕಾನೂನಲ್ಲಿ ಸುಳ್ಳು ಹೇಳಿದ್ದು, ಮುಚ್ಚಿಟ್ಟಿದ್ದು ಸಿಕ್ಕಿಬಿದ್ದರೆ ಐದು ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ. ಮುಚ್ಚಿಡೋದಾದ್ರೂ ಹೇಗೆ? ಬಾಯಿ ಸುಮ್ಮನಿರಬಹುದು, ಟಿ.ಬಿ. ಬಿಟ್ಟುಹೋದ ಎದೆಯ ಕಲೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತೆ. ಕಲೆ ಇದೆ, ಆದ್ರೆ ‘ಕಾಯಿಲೆನೇ ಬಂದಿಲ್ಲ’ ಅಂತ ಬರೆದುಕೊಟ್ಟಿದ್ದೀರಿ ಅಂದ್ರೆ ಡಾಕ್ಟರಿಗೆ ಅನುಮಾನ ಬರೋದು ಅಲ್ಲೇ. ಕಾಯಿಲೆ ಬಂದಿತ್ತು, ಪೂರ್ತಿ ಔಷಧಿ ತಗೊಂಡೆ, ಇಲ್ಲಿದೆ ಕಾಗದ ಅಂದ್ರೆ ಅದು ಬರೀ ಹಳೇ ಕಲೆ.

ಅದಕ್ಕೇ ಈ ಟ್ರಂಕ್ ಹುಡುಕಾಟ. ಆಸ್ಪತ್ರೆ ಚೀಟಿ ಪುಡಿಪುಡಿ ಆಗಿತ್ತು. ಪುಣ್ಯಕ್ಕೆ ಫಿಲ್ಮ್ ಉಳಿದಿತ್ತು. ಇನ್ನೊಂದು ಫಿಲ್ಮು ಹತ್ತು ಹದಿನೈದು ವರ್ಷದ ಹಿಂದೆ ಕೆಮ್ಮು ಅಂತ ತೆಗೆಸಿದ್ದು. ಹಳೇದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಲೆ ಬೆಳೆದಿದೆಯಾ, ಇದ್ದ ಹಾಗೇ ಇದೆಯಾ ಅನ್ನೋದು ಗೊತ್ತಾಗುತ್ತೆ. ಈಗ ಟಿ.ಬಿ.ಗೆ ಸರ್ಕಾರಿ ಚಿಕಿತ್ಸೆ ತಗೊಳ್ಳೋರದ್ದು ನಿಕ್ಷಯ್ ಅನ್ನೋ ಪೋರ್ಟಲ್ಲಲ್ಲಿ ದಾಖಲಾಗುತ್ತೆ, 2012ರಿಂದ ಇದೆ ಅದು. ನಿಮ್ಮನೇಲಿ ಯಾರಾದ್ರೂ ಆ ಔಷಧಿ ಮುಗಿಸಿದ್ದರೆ ಆ ಪೋರ್ಟಲ್ಲಿನ ನಂಬರು, ಮುಗಿಸಿದ ಸರ್ಟಿಫಿಕೇಟು ಒಂದು ಫೋಟೋ ತೆಗೆದಿಟ್ಕೊಳ್ಳಿ. ಟ್ರಂಕ್ ನಂಬಬೇಡಿ.

ಇದು ಬೆಂಗಳೂರಿಗೆ ರಾತ್ರಿ ಬಸ್ಸು. ಕೊಡಗಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ, ಏನಿದ್ರೂ ಬಸ್ಸೇ. ಮೆಡಿಕಲ್ಲು ಯಾವ ಡಾಕ್ಟರ ಹತ್ರ ಬೇಕಾದ್ರೂ ಆಗಲ್ಲ. ಆಯಾ ದೇಶ ಒಪ್ಪಿರೋ ಪ್ಯಾನಲ್ ಡಾಕ್ಟರೇ ಆಗಬೇಕು. ನಮ್ಮ ಫ್ಯಾಮಿಲಿ ಡಾಕ್ಟರು ಹುಟ್ಟಿದಾಗಿಂದ ನೋಡಿದವರಾದ್ರೂ ಅವರ ಸರ್ಟಿಫಿಕೇಟ್ ನಡಿಯಲ್ಲ.

ಒಳಗೆ ಕ್ಯಾಮೆರಾ ಬಿಡಲ್ಲ, ಹಾಗಾಗಿ ಹೊರಗಿನ ರಸ್ತೆ ನೋಡ್ತಾ ಕೇಳಿಸ್ಕೊಳ್ಳಿ. ಪಾಸ್‌ಪೋರ್ಟ್ ನೋಡ್ತಾರೆ, ಫೋಟೋ ತೆಗೀತಾರೆ, ಎತ್ತರ, ತೂಕ, ಬಿ.ಪಿ., ಕಣ್ಣು. ಆಮೇಲೆ ಮೂತ್ರ, ಎದೆಯ ಎಕ್ಸ್‌ರೇ, ರಕ್ತ. ಕೆನಡಾಕ್ಕೆ ರಕ್ತದಲ್ಲಿ ಎಚ್‌ಐವಿ, ಸಿಫಿಲಿಸ್ ನೋಡ್ತಾರೆ, ಕಿಡ್ನಿ ಸರಿ ಇದೆಯಾ ಅಂತ ಕ್ರಿಯಾಟಿನಿನ್ ನೋಡ್ತಾರೆ. ಒಂದು ಕಿವಿಮಾತು: ಅವತ್ತು ಬೆಳಿಗ್ಗೆ ನಮ್ಮ ಬೆಲ್ಲದ ಕಾಫಿನ ದೊಡ್ಡ ಲೋಟದಲ್ಲಿ ಏರಿಸಿಕೊಂಡು ಹೋಗಬೇಡಿ, ಮೂತ್ರದಲ್ಲಿ ಸಕ್ಕರೆ ನೋಡ್ತಾರೆ. ಬಿ.ಪಿ., ಶುಗರ್ ಮಾತ್ರೆ ಮಾತ್ರ ತಪ್ಪಿಸಬೇಡಿ. ಹೆಣ್ಣುಮಕ್ಕಳು ಮುಟ್ಟಿನ ದಿನ ಬಿಟ್ಟು ಅಪಾಯಿಂಟ್‌ಮೆಂಟ್ ತಗೊಳ್ಳಿ, ಮೂತ್ರದಲ್ಲಿ ರಕ್ತ ಕಂಡರೆ ಸುಮ್ನೆ ಇನ್ನೊಂದು ಟೆಸ್ಟು.

ಅಪ್ಪ ಆ ಡಾಕ್ಟರನ್ನ ಕೇಳೇಬಿಟ್ಟರು, ‘ವೀಸಾ ಕೊಡ್ತೀರಾ ಸ್ವಾಮಿ?’ ಅಂತ. ಅವರ ಕೈಯಲ್ಲಿ ಏನೂ ಇಲ್ಲ. ಅವರು ನೋಡಿದ್ದನ್ನ ಕಂಪ್ಯೂಟರಲ್ಲಿ ನೇರವಾಗಿ ಆ ಕಡೆಗೆ ಕಳಿಸ್ತಾರೆ, ತೀರ್ಮಾನ ಅಲ್ಲಿನ ವಲಸೆ ಇಲಾಖೆದು. ನಮ್ಮ ಕೈಗೆ ಮೆಡಿಕಲ್ ಆಯ್ತು ಅನ್ನೋ ಒಂದು ಹಾಳೆ ಬರುತ್ತೆ, ಅಷ್ಟೇ. ಆ ಮೆಡಿಕಲ್ಲಿಗೆ ಸಾಧಾರಣವಾಗಿ 12 ತಿಂಗಳ ಆಯಸ್ಸು.

ಶುಗರ್ ಇದ್ದರೆ ಬಿಡ್ತಾರಾ ಅಂತ ನಮ್ಮೂರಲ್ಲಿ ಎಲ್ಲರೂ ಕೇಳೋ ಪ್ರಶ್ನೆ. ಕೆನಡಾದವರ ಲೆಕ್ಕ ಎರಡೇ. ಒಂದು, ನಿಮ್ಮಿಂದ ಬೇರೆಯವರಿಗೆ ಅಪಾಯ ಇದೆಯಾ. ಇನ್ನೊಂದು, ನಿಮ್ಮ ಚಿಕಿತ್ಸೆಗೆ ಅವರ ಸರ್ಕಾರಕ್ಕೆ ಎಷ್ಟು ಖರ್ಚು. ಖರ್ಚಿನ ಮಿತಿಯನ್ನ ಕೆನಡಾ 2018ರಲ್ಲಿ ಮೂರು ಪಟ್ಟು ಏರಿಸಿತು, 2025ರಲ್ಲಿ ಅದು ವರ್ಷಕ್ಕೆ 27,162 ಡಾಲರ್ ಇತ್ತು. ಹತೋಟಿಯಲ್ಲಿರೋ ಶುಗರ್ ಮಾತ್ರೆ ಅದರ ಹತ್ತಿರಕ್ಕೂ ಬರಲ್ಲ. ಡಯಾಲಿಸಿಸ್ ಅಂದ್ರೆ ಮಾತು ಬೇರೆ. ಸ್ಪಾನ್ಸರ್ ಮಾಡಿದ ಗಂಡ, ಹೆಂಡತಿ, ಮಕ್ಕಳಿಗೆ ಈ ಖರ್ಚಿನ ಲೆಕ್ಕವೇ ಇಲ್ಲ, ಅಪ್ಪ ಅಮ್ಮನಿಗೆ ಇದೆ. ನನಗಿದು ಸ್ವಲ್ಪ ಕಹಿ ಅನ್ಸುತ್ತೆ, ಮನುಷ್ಯರನ್ನ ಕಾಫಿ ಬೀಜದ ಹಾಗೆ ಗ್ರೇಡ್ ಮಾಡಿದಂಗೆ. ಆದ್ರೆ ಇದು ಹೊಸದೇನಲ್ಲ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿಂದ ಇಳಿದವರ ಕೋಟಿನ ಮೇಲೆ ಡಾಕ್ಟರುಗಳು ಸೀಮೆಸುಣ್ಣದಲ್ಲಿ ಅಕ್ಷರ ಬರೀತಿದ್ರಂತೆ, ಕಣ್ಣಿಗೊಂದು, ಹೃದಯಕ್ಕೊಂದು, ಕುಂಟಿಗೊಂದು. ಎಚ್‌ಐವಿ ಇದ್ದವರಿಗೆ ಅಮೆರಿಕ ಬಾಗಿಲು ತೆರೆದಿದ್ದೇ 2010ರಲ್ಲಿ.

ಗಲ್ಫಿಗೆ ಹೋಗೋರು ಮಾತ್ರ ಇದನ್ನ ಹಾಗೇ ನಂಬಬೇಡಿ. ವಿರಾಜಪೇಟೆ, ಸಿದ್ದಾಪುರ, ನಾಪೋಕ್ಲು ಕಡೆಯಿಂದ ಎಷ್ಟೋ ಹುಡುಗರು ಹೋಗ್ತಾರೆ. ಅಲ್ಲಿನ ನಿಯಮ ಬೇರೆ, ವಾಸಿಯಾದ ಟಿ.ಬಿ. ಕಲೆ ಕಂಡರೂ ಅನ್‌ಫಿಟ್ ಆಗಬಹುದು. ಏಜೆಂಟಿಗೆ ದುಡ್ಡು ಕಟ್ಟೋಕೆ ಮುಂಚೆ ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ ನೋಡ್ಕೊಳ್ಳಿ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಹೋಗೋರಿಗೆ ಟಿ.ಬಿ. ಸರ್ಟಿಫಿಕೇಟ್ ಸಾಕು, ಅದಕ್ಕೂ ಆರೇ ತಿಂಗಳ ಆಯಸ್ಸು.

ಅಪ್ಪನ ಕಥೆಗೆ ಬರೋಣ. ಎಕ್ಸ್‌ರೇಯಲ್ಲಿ ಕಲೆ ಕಂಡಿತು, ಫಿಲ್ಮ್‌ಗಳನ್ನ ಹೋಲಿಸಿ ನೋಡಿದ್ರು, ಆದ್ರೂ ಕಫ ಕೇಳಿದ್ರು. ಮೂರು ದಿನ ಸತತವಾಗಿ, ಬೆಳಿಗ್ಗೆ, ಅಲ್ಲೇ ಹೋಗಿ ಅವರ ಕಣ್ಣೆದುರು ಕೊಡಬೇಕು. ಮನೆಯಿಂದ ಡಬ್ಬೀಲಿ ತಂದುಕೊಡೋ ಹಾಗಿಲ್ಲ. ಹಾಗಾಗಿ ಚಿಕ್ಕಪ್ಪನ ಮನೇಲಿ ಉಳ್ಕೊಂಡ್ವಿ. ಕಾಫಿ ಕುಯ್ಲು ಶುರುವಾಗೋ ಮುಂಚೆ ಹೋಗಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಅಪ್ಪ ಎರಡನೇ ದಿನಕ್ಕೇ ಬಸ್ ಹತ್ತಿಬಿಡ್ತಿದ್ರು.

ಆ ಕಫದಲ್ಲಿ ಟಿ.ಬಿ. ಬ್ಯಾಕ್ಟೀರಿಯಾ ಇದೆಯಾ ಅಂತ ಲ್ಯಾಬಲ್ಲಿ ಬೆಳೆಸಿ ನೋಡೋ ಕಲ್ಚರ್ ರಿಪೋರ್ಟಿಗೆ ಎಂಟು ವಾರದ ತನಕ ಹಿಡಿಯುತ್ತೆ. ಲ್ಯಾಬಿನವರು ಸೋಮಾರಿಗಳು ಅಂತಲ್ಲ. ಮಾಮೂಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾದ್ರೆ, ಟಿ.ಬಿ. ಬ್ಯಾಕ್ಟೀರಿಯಾಕ್ಕೆ 15ರಿಂದ 20 ಗಂಟೆ ಬೇಕು. ಅದು ಬೆಳೆಯುತ್ತಾ ಇಲ್ವಾ ಅಂತ ಕಾದೇ ನೋಡಬೇಕು. ಟಿಕೆಟ್ ಮೊದಲೇ ಬುಕ್ ಮಾಡೋರು ಇದನ್ನ ನೆನಪಿಟ್ಕೊಳ್ಳಿ.

ಏನೂ ಬೆಳೀಲಿಲ್ಲ. ನೆಗೆಟಿವ್. ಕೆನಡಾದವರು ಅಪ್ಪನಿಗೆ ಹಾಕಿದ್ದು ಒಂದೇ ಷರತ್ತು: ಅಲ್ಲಿ ಇಳಿದ 30 ದಿನದೊಳಗೆ ಸ್ಥಳೀಯ ಸಾರ್ವಜನಿಕ ಆರೋಗ್ಯ ಕಚೇರಿಗೆ ಸುದ್ದಿ ಮುಟ್ಟಿಸಿ ತಪಾಸಣೆಗೆ ಹೋಗಬೇಕು. ಅಪ್ಪ ಫೋನಲ್ಲಿ ಅಕ್ಕನಿಗೆ ಕೇಳಿದ್ದು ಒಂದೇ ಮಾತು, ‘ಅಲ್ಲೂ ಬೆಳಿಗ್ಗೆ ಎಬ್ಬಿಸಿ ಕಫ ಕೇಳ್ತಾರೇನಮ್ಮ?’ ಕೇಳಿದ್ರೂ ಕೇಳಬಹುದು ಅಪ್ಪ, ಅಂದಳು ಅಕ್ಕ. ವಿಮೆ ಕೆಲಸ ಇನ್ನೂ ಬಾಕಿ ಇದೆ, ಅದನ್ನ ಬೇರೆ ವಿಡಿಯೋದಲ್ಲಿ ಹೇಳ್ತೀನಿ.