ಸಂಡೂರಿಗೆ ಬೇಸಿಗೆಯಲ್ಲಿ ಹೋಗಿ

ನಮಸ್ಕಾರ. ಮಾರ್ಚ್ ಕೊನೆಯ ವಾರ ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿ ಬಂದೆ ಎಂದರೆ ಬಳ್ಳಾರಿಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. "ಈ ಬಿಸಿಲಿನಲ್ಲಿ ಅಲ್ಲಿ ಏನಿದೆ ನೋಡುವುದಕ್ಕೆ? ಮಳೆ ಬಿದ್ದ ಮೇಲೆ ಹೋಗಬೇಕಿತ್ತು." ಕೇಳಿದವರದು ತಪ್ಪಲ್ಲ. ಬೇಸಿಗೆ ಮತ್ತು ಕಡುಬೇಸಿಗೆ ಎಂದು ಎರಡೇ ಕಾಲ ಇರುವ ಊರಿನವರು ನಾವು. ನೆರಳು ಕಂಡಲ್ಲಿ ನಿಲ್ಲುವವರು. ಆದರೂ ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಸಂಡೂರಿನ ಕಾಡನ್ನು ನೋಡುವುದಿದ್ದರೆ ಅದರ ಎಲೆ ಉದುರಿದ ಮೇಲೆ ನೋಡಿ.

ಸಂಡೂರಿಗೆ ನಾವು ಕೊಟ್ಟಿರುವ ಬಿರುದು "ಬಯಲುಸೀಮೆಯ ಮಲೆನಾಡು". ಈ ಬಿರುದಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಹೊಗಳಿಕೆಯಂತೆ ಕಂಡರೂ ಅದು ಎರವಲು ಅಂಗಿ ತೊಡಿಸಿದ ಹಾಗೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಅಂಗಿ ಸರಿಯಾಗಿ ಕೂರುತ್ತದೆ. ಮೋಡ ಗುಡ್ಡದ ಮೇಲೆ ಇಳಿಯುತ್ತದೆ, ನಾರಿಹಳ್ಳ ತುಂಬುತ್ತದೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂದು ಊರಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅದಾದ ಮೇಲೆ ಡಿಸೆಂಬರ್ ಬರುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಮಲೆನಾಡು ಎಂದು ಹೊಗಳಿದ ಬಾಯಿಯೇ ಆಗ "ಕುರುಚಲು", "ಬರಡು" ಎನ್ನುತ್ತದೆ. ಬರಡು ಎಂದು ಹೆಸರಾದ ಜಾಗವನ್ನು ಯಾರಿಗಾದರೂ ಬರೆದುಕೊಡುವಾಗ ಯಾರ ಕೈಯೂ ನಡುಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನನ್ನ ಜೊತೆ ಭಾವ ಇದ್ದರು, ಅವರ ಹತ್ತು ವರ್ಷದ ಮಗನೂ ಇದ್ದ. ಗಣಿಯ ಅಬ್ಬರದ ಕಾಲದಲ್ಲಿ ಭಾವ ಅದಿರಿನ ಲಾರಿ ಓಡಿಸಿದವರು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಸಿ ಅಂಕೋಲಾ ಕಡೆಯ ಬಂದರಿಗೆ ಅವರು ಎಷ್ಟು ಸಲ ಹೋಗಿದ್ದಾರೆಂದು ಅವರಿಗೇ ಲೆಕ್ಕವಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ಕುಡಿತಿನಿ, ತೋರಣಗಲ್ಲು ದಾಟಿ ಗುಡ್ಡಗಳ ಸಾಲು ಕಾಣತೊಡಗಿದಾಗ ಅವರೇ ಮಾತು ತೆಗೆದರು. "ಯಲ್ಲಾಪುರದ ಕಾಡಿನಲ್ಲಿ ರಾತ್ರಿಯೆಲ್ಲ ಗಾಡಿ ಓಡಿಸಿದವನು ನಾನು. ಇದನ್ನು ಕಾಡು ಎನ್ನುತ್ತೀರಲ್ಲ ನೀವು!"

ನಾನು ವಾದ ಮಾಡಲಿಲ್ಲ. ಬೆಟ್ಟದ ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಪಕ್ಕದಲ್ಲಿ ಕುಮಾರಸ್ವಾಮಿ ಗುಡಿ. ಕೈಮುಗಿದು, ತಂದಿದ್ದ ಮಂಡಕ್ಕಿ ಒಗ್ಗರಣೆ ತಿಂದು, ಬಿಸಿಲು ಏರುವ ಮೊದಲು ದಾರಿಯಂಚಿನಲ್ಲಿ ನಡೆಯಲು ಹೊರಟೆವು. ಸುತ್ತಲಿನದು ಸ್ವಾಮಿಮಲೈ ಮೀಸಲು ಅರಣ್ಯ. ಕಾಲಿಟ್ಟಲ್ಲೆಲ್ಲ ಒಣ ಎಲೆಯ ಸದ್ದು. ಅಲ್ಲಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಒಂದೂ ಎಲೆಯಿಲ್ಲದ ಕೊಂಬೆಯಲ್ಲಿ ಕೆಂಡದ ಬಣ್ಣದ ಹೂ. ಉಳಿದದ್ದೆಲ್ಲ ಬೂದಿ ಬಣ್ಣ, ಕಂದು ಬಣ್ಣ.

ನಾನು ನಿಂತದ್ದು ಒಂದು ದಿಂಡಿಗದ ಮರದ ಮುಂದೆ. ನುಣುಪಾದ ಬಿಳಿಬೂದು ತೊಗಟೆ, ಬುಡದಲ್ಲಿ ಕೆಮ್ಮಣ್ಣಿನ ದೂಳು. ತಬ್ಬಿಕೊಂಡರೆ ಎರಡೂ ಕೈ ಆರಾಮವಾಗಿ ಸೇರುತ್ತಿದ್ದವು. ಪಶ್ಚಿಮ ಘಟ್ಟದ ದೊಡ್ಡ ಮರಗಳ ಪಕ್ಕದಲ್ಲಿಟ್ಟರೆ ಇದು ಗೂಟ. ಆದರೆ ಬುಡ ನೋಡಿ. ನೆಲಮಟ್ಟದಲ್ಲಿ ಕಾಂಡಕ್ಕಿಂತ ಎರಡು ಪಟ್ಟು ಅಗಲದ ಗಂಟು, ಅದರ ಒಂದು ಮಗ್ಗುಲಲ್ಲಿ ಎಂದೋ ಕೊಡಲಿ ಬಿದ್ದ ಹಳೆಯ ಮೋಟು, ಆ ಮೋಟಿನ ಪಕ್ಕದಿಂದ ಎದ್ದದ್ದು ಈ ಕಾಂಡ. ಒಣನಾಡಿನ ಅನೇಕ ಮರಗಳ ಬದುಕು ಹೀಗೆಯೇ. ಸೌದೆಗೆ ಕಡಿದರೆ, ಬೆಂಕಿ ಬಿದ್ದರೆ, ದನ ಮೇಯ್ದರೆ ಬುಡದಿಂದ ಮತ್ತೆ ಚಿಗುರುತ್ತವೆ. ಕಾಂಡದ ವಯಸ್ಸು ಒಂದು, ಬೇರಿನ ವಯಸ್ಸು ಇನ್ನೊಂದು. ಗೇಣುದ್ದದ ಮಣ್ಣು, ಅದರ ಕೆಳಗೆ ಕಬ್ಬಿಣದ ಬಂಡೆ, ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ನೀರು. ಇಷ್ಟರಲ್ಲಿ ಬೆಳೆದ ಮರದ ಹಿರಿತನವನ್ನು ದಪ್ಪದಿಂದ ಅಳೆಯುವುದು, ಮನುಷ್ಯನ ವಯಸ್ಸನ್ನು ಹೊಟ್ಟೆಯಿಂದ ಅಳೆದ ಹಾಗೆ.

ಎಲೆ ಉದುರಿಸಿದ್ದು ಸಾವಲ್ಲ, ಜಿಪುಣತನ. ಎಲೆ ಇದ್ದರೆ ನೀರು ಆವಿಯಾಗುತ್ತದೆ. ನೀರಿಲ್ಲದ ತಿಂಗಳಲ್ಲಿ ಎಲೆ ಇಟ್ಟುಕೊಳ್ಳುವುದು ದುಂದು. ಮೊದಲ ಮಳೆಗೆ ಕಾಯದೆ ಚಿಗುರುವ ಮರಗಳೂ ಇವೆ. ತುಪ್ರದ ಕೊಂಬೆಯಲ್ಲಿ ಆಗಲೇ ಹೊಸ ಎಲೆ ಬಂದಿತ್ತು, ಅದೇ ಬೀಡಿ ಎಲೆ.

ಇನ್ನು ಕಲ್ಲು. ದಾರಿ ಕಡಿದ ಕಡೆ ಬಂಡೆಯ ಅಡ್ಡಕೊಯ್ತ ಕಾಣುತ್ತದೆ. ಇಳಕಲ್ ಸೀರೆಯ ಅಂಚಿನಂತೆ ಗೆರೆ ಮೇಲೆ ಗೆರೆ, ಒಂದು ಉಕ್ಕಿನಂತೆ ಮಿನುಗುವ ಕಪ್ಪು, ಇನ್ನೊಂದು ಇಟ್ಟಿಗೆ ಕೆಂಪು ಅಥವಾ ಮಾಸಲು ಬಿಳಿ. ಕೆಲವು ಕಡೆ ಗೆರೆಗಳು ಮಡಚಿ ಸುತ್ತಿಕೊಂಡಿವೆ. ಹುಡುಗ ಮುಷ್ಟಿಗಾತ್ರದ ಕಲ್ಲೊಂದನ್ನು ಎತ್ತಿಕೊಂಡು, "ಮಾಮ, ಇದು ಯಾಕೆ ಇಷ್ಟು ಭಾರ?" ಎಂದ. ಅದನ್ನು ಇನ್ನೊಂದು ಒರಟು ಕಲ್ಲಿಗೆ ಉಜ್ಜಿ ನೋಡು ಎಂದೆ. ಕಲ್ಲು ಕಪ್ಪು, ಗೀಚಿದ ಗೆರೆ ಮಾತ್ರ ಕುಂಕುಮದಂತೆ ಕೆಂಪು. ಹೆಬ್ಬೆರಳೂ ಕೆಂಪಾಯಿತು. ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಗುರುತೇ ಅದು. ಬಳ್ಳಾರಿ ಜಿಲ್ಲೆಯ ಎಷ್ಟೋ ಮನೆಗಳ ಗೋಡೆ, ಎತ್ತುಗಳ ಬೆನ್ನು, ಶಾಲೆಯ ಮಕ್ಕಳ ಬಿಳಿ ಅಂಗಿ ಕೆಂಪಾದದ್ದು ಈ ಪುಡಿಯಿಂದ.

ಈ ಗೆರೆಗಳು ಬಿದ್ದದ್ದು ಸಮುದ್ರದ ತಳದಲ್ಲಿ, ಸುಮಾರು 270 ಕೋಟಿ ವರ್ಷಗಳ ಹಿಂದೆ. ಆಗ ನೆಲದ ಮೇಲೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ನೀರಿನಲ್ಲಿ ಮೀನೂ ಇರಲಿಲ್ಲ. ಸೂಕ್ಷ್ಮಜೀವಿಗಳು ಮಾತ್ರ. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತುಕ್ಕಿನಂತೆ ತಳಕ್ಕೆ ಇಳಿಯಿತು. ಅದರ ಮೇಲೆ ಸಿಲಿಕಾದ ಒಂದು ಪದರ, ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ. ಕಡಲಿನಿಂದ ಇಷ್ಟು ದೂರವಿರುವ ನಮ್ಮ ಜಿಲ್ಲೆಯಲ್ಲಿ ನಿಂತು ಇಲ್ಲಿ ಸಮುದ್ರವಿತ್ತು ಎಂದರೆ ನಗು ಬರಬಹುದು. ಆ ಗೆರೆಯ ಮೇಲೆ ಕೈ ಇಟ್ಟುಕೊಂಡು ನಗುವುದು ಸ್ವಲ್ಪ ಕಷ್ಟ.

ಬೇಸಿಗೆಯಲ್ಲಿ ಹೋಗಿ ಎನ್ನುವುದಕ್ಕೆ ಇನ್ನೊಂದು ಕಾರಣ ಇಲ್ಲಿದೆ. ಸೆಪ್ಟೆಂಬರಿನ ಹುಲ್ಲು ಎಲ್ಲವನ್ನೂ ಮುಚ್ಚುತ್ತದೆ. ಮಾರ್ಚಿನಲ್ಲಿ ಗುಡ್ಡದ ಪಕ್ಕೆಲುಬು ಕಾಣುತ್ತದೆ, ಜೊತೆಗೆ ಎದುರು ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗಣಿಯೂ, ಕಣಿವೆಗೆ ಸುರಿದ ಮಣ್ಣಿನ ರಾಶಿಯೂ ಕಾಣುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಷರತ್ತುಗಳೊಂದಿಗೆ ಹಂತಹಂತವಾಗಿ ಮತ್ತೆ ಶುರುವಾಯಿತು. 2024ರಲ್ಲಿ ಸಂಡೂರಿನ ದೇವದಾರಿ ಗುಡ್ಡದ 401 ಹೆಕ್ಟೇರ್ ಅರಣ್ಯವನ್ನು ಗಣಿಗೆ ಕೊಡುವ ಪ್ರಸ್ತಾಪ ಸುದ್ದಿಯಾಯಿತು. ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ರಾಜ್ಯ ಸರ್ಕಾರ ತಡೆ ಹಾಕಿತು. ಕಡಿಯಬೇಕಾಗುವ ಮರಗಳೆಂದು ಆಗ ಪತ್ರಿಕೆಗಳಲ್ಲೆಲ್ಲ ಬಂದ ಅಂಕಿ 99,330.

ವಿರೋಧಿಸಿದವರ ಬಾಯಲ್ಲೂ ಅದೇ ಅಂಕಿ. ನನಗೆ ಆ ಅಂಕಿಯೇ ಚಿಂತೆ. ಲೆಕ್ಕಕ್ಕೆ ಸಿಕ್ಕ ಮರಕ್ಕೆ ಲೆಕ್ಕದ ಪರಿಹಾರವೂ ಇರುತ್ತದೆ: ಇಷ್ಟು ಕಡಿದರೆ ಬೇರೆ ಕಡೆ ಇಷ್ಟು ಸಸಿ ನೆಡುತ್ತೇವೆ ಎಂದರೆ ಕಡತ ಮುಂದಕ್ಕೆ ಹೋಗುತ್ತದೆ. ನಾನು ತಬ್ಬಿಕೊಂಡ ದಿಂಡಿಗ ಆ ಲೆಕ್ಕದಲ್ಲಿ ಒಂದು. ಅದರ ಗಂಟುಬೇರಿಗೆ ಸಾಲು ಇಲ್ಲ. ಬಂಡೆಯ ಸೀಳಿನಲ್ಲಿ ಬೇರು ಇಳಿಸಿ ಬಂಡೆಯನ್ನೇ ಅಪ್ಪಿಕೊಂಡ ಬಸರಿಗೆ ಸಮನಾದ ಸಸಿ ಯಾವ ನರ್ಸರಿಯಲ್ಲಿದೆ?

ಇದನ್ನೆಲ್ಲ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಭಾವ ಕೇಳಿಸಿಕೊಂಡು, "ನಿಮ್ಮ ಅಕ್ಕನ ಮನೆಯ ಮಹಡಿ ಎದ್ದದ್ದು ಇದೇ ಕಲ್ಲಿನಿಂದ" ಎಂದರು. ನಿಜ. ಆ ಮಹಡಿಯ ಮೇಲೆ ಮಲಗಿ ನಾನೂ ಎಷ್ಟೋ ಬೇಸಿಗೆ ಕಳೆದಿದ್ದೇನೆ. ಸಂಡೂರಿನ ಎಷ್ಟೋ ಮನೆಗಳ ಅನ್ನ ಇವತ್ತಿಗೂ ಗಣಿಯಿಂದಲೇ ಬರುತ್ತದೆ. ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವಾಗಲಾದರೂ "ಅಲ್ಲೇನಿದೆ, ಬರೀ ಕುರುಚಲು" ಎಂದು ಯಾರೂ ಹೇಳಬಾರದು. ಏನಿದೆ ಎಂದು ಗೊತ್ತಿದ್ದೇ ಮಾತಾಡಲಿ.

ಹೋಗುವವರಿಗೆ ಎರಡು ಮಾತು. ಏಳು ಗಂಟೆಯೊಳಗೆ ಮೇಲಿರಿ, ಹತ್ತಕ್ಕೆ ಇಳಿದುಬಿಡಿ. ದಾರಿ ಬಿಟ್ಟು ಕಾಡಿನೊಳಕ್ಕೆ ಅನುಮತಿಯಿಲ್ಲದೆ ಹೋಗಬೇಡಿ. ಬೀಡಿ, ಬೆಂಕಿಪೊಟ್ಟಣ ಗಾಡಿಯಲ್ಲೇ ಇರಲಿ. ಆ ಒಣ ಎಲೆಗೆ ಒಂದು ಕಿಡಿ ಸಾಕು.

ಕಾರಿನ ಹತ್ತಿರ ಬಂದಾಗ ಹುಡುಗನ ಚಡ್ಡಿಯ ಜೇಬು ಜೋತುಬಿದ್ದಿತ್ತು. ಆ ಕಲ್ಲು. ಭಾವ ಗದರಿಸಿದರು: "ಕಾಡಿನಿಂದ ಏನನ್ನೂ ಒಯ್ಯಬಾರದು, ಅಲ್ಲೇ ಇಟ್ಟು ಬಾ." ಅವನು ಇಟ್ಟು ಬಂದು, ಕೆಂಪು ಕೈಯನ್ನು ಸೀಟಿಗೆ ಒರೆಸುತ್ತ ಕೇಳಿದ: "ಅಪ್ಪಾ, ನಿನ್ನ ಲಾರಿಯಲ್ಲಿ ಎಷ್ಟು ಹಿಡಿಸುತ್ತಿತ್ತು?"

"ರಸೀದಿಯಲ್ಲಿ ಹದಿನಾರು ಟನ್" ಎಂದರು ಭಾವ. ಗೇರ್ ಹಾಕಿ, ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು, "ತುಂಬಿಸುತ್ತಿದ್ದದ್ದು ಇಪ್ಪತ್ತರ ಮೇಲೆ."